ಅಪ್ಪರ್ ಡೆಲವೇರ್‌ನಲ್ಲಿ ಹೆಂಡ್ರಿಕ್ಸನ್ ಹ್ಯಾಚ್: ಗಮನಿಸುವುದು ಹೇಗೆ, ಚಿತ್ರ ತೆಗೆಯುವುದು ಹೇಗೆ?

ಹೊಳೆದಂಡೆ (ನ್ಯೂಜೆರ್ಸಿ):

ಏಪ್ರಿಲ್ ಕೊನೆಯ ವಾರ ನ್ಯೂಯಾರ್ಕ್ ರಾಜ್ಯದ ಹ್ಯಾನ್‌ಕಾಕ್ ಊರಿನ ಬಳಿ ಡೆಲವೇರ್ ನದಿಗೆ ಹೋಗುವ ಯೋಚನೆಯಿದೆ. ಫ್ಲೈ (ಕೀಟದಂತೆ ಕಾಣಲು ಕೊಕ್ಕೆಗೆ ರೋಮ, ಗರಿ ಕಟ್ಟಿ ಮಾಡಿದ ಹುಸಿ ಎರೆ) ಬೀಸುವುದನ್ನು ತಕ್ಕಮಟ್ಟಿಗೆ ಕಲಿತಿದ್ದೇನೆ. ಈ ಬಾರಿ ಹೆಂಡ್ರಿಕ್ಸನ್ ಎಂಬ ಮೇಫ್ಲೈ ಕೀಟಗಳು ಗುಂಪಾಗಿ ನೀರಿನಿಂದ ಏಳುವ ಹ್ಯಾಚನ್ನು ಕ್ರಮವಾಗಿ ಗಮನಿಸಿ, ಚಿತ್ರಗಳನ್ನು ತೆಗೆದು, ಚಳಿಗಾಲದಲ್ಲಿ ಫ್ಲೈ ಕಟ್ಟಲು ಕೂತಾಗ ಅವನ್ನೇ ಮುಂದಿಟ್ಟುಕೊಳ್ಳಬೇಕೆಂಬುದು ನನ್ನ ಉದ್ದೇಶ. ನನ್ನಲ್ಲಿ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಮತ್ತು ಒಂದು ಸಣ್ಣ ಫ್ಲ್ಯಾಶ್ ಇವೆ. ಸಾಮಾನ್ಯವಾಗಿ ಕಾಣಸಿಗುವ ಚಿತ್ರಗಳಲ್ಲಿ ಹೆಚ್ಚಿನವು ಬೆರಳ ತುದಿಯಲ್ಲಿ ರೆಕ್ಕೆ ಎತ್ತಿ ಕೂತ ಕೀಟದವು. ನೋಡಲು ಚೆಲುವಾಗಿವೆ, ಆದರೆ ಅವನ್ನು ನೋಡಿಕೊಂಡು ಫ್ಲೈ ಕಟ್ಟಲು ಹೊರಟರೆ ಬೇಕಾದ ವಿವರವೇ ಸಿಗುವುದಿಲ್ಲ. ಯಾವ ಹೊತ್ತಿಗೆ ನೀರಿನ ಬಳಿ ಇರಬೇಕು, ಯಾವ ಹಂತಗಳ ಚಿತ್ರ ತೆಗೆಯಬೇಕು, ಏನೇನು ಬರೆದಿಟ್ಟುಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮಡುವಿನ ಮೀನು (ಪೆನ್ಸಿಲ್ವೇನಿಯಾ):

ಒಳ್ಳೆಯ ಕಾಲವನ್ನೇ ಆರಿಸಿಕೊಂಡಿದ್ದೀರಿ. ಹ್ಯಾನ್‌ಕಾಕ್‌ನಲ್ಲಿ ಡೆಲವೇರ್‌ನ ಪಶ್ಚಿಮ ಮತ್ತು ಪೂರ್ವ ಕವಲುಗಳು ಕೂಡುತ್ತವೆ. ಪಶ್ಚಿಮ ಕವಲಿನ ಮೇಲೆ ಕ್ಯಾನನ್ಸ್‌ವಿಲ್, ಪೂರ್ವ ಕವಲಿನ ಮೇಲೆ ಪೆಪ್ಯಾಕ್ಟನ್ ಎಂಬ ಜಲಾಶಯಗಳಿವೆ. ಎರಡೂ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುವಂಥವು. ಅವುಗಳ ಆಳದಿಂದ ಬಿಡುವ ತಣ್ಣೀರಿನಿಂದಾಗಿಯೇ ನಡುಬೇಸಿಗೆಯಲ್ಲೂ ಅಲ್ಲಿ ಟ್ರೌಟ್ ಮೀನು ಬದುಕುತ್ತದೆ. ಹ್ಯಾಚಿನ ಲೆಕ್ಕವೂ ಇದೇ ಕಾರಣದಿಂದ ಊರೂರಿಗೆ ಬದಲಾಗುತ್ತದೆ: ಅಣೆಕಟ್ಟಿನ ತಣ್ಣೀರು ಸೇರದ ಬೀವರ್‌ಕಿಲ್ ಹೊಳೆ ಬಿಸಿಲಿಗೆ ಬೇಗ ಕಾಯುವುದರಿಂದ ಅಲ್ಲಿ ಹೆಂಡ್ರಿಕ್ಸನ್ ಮೊದಲು ಏಳುತ್ತದೆ, ಪಶ್ಚಿಮ ಕವಲಿನಲ್ಲಿ ಅಣೆಕಟ್ಟಿನತ್ತ ಹೋದಷ್ಟೂ ತಡವಾಗುತ್ತದೆ, ಕೆಲವು ವರ್ಷ ಮೇ ತಿಂಗಳ ನಡುವಿನವರೆಗೂ ಎಳೆಯುತ್ತದೆ. ಆದ್ದರಿಂದ ಒಂದು ಜಾಗದಲ್ಲಿ ಹ್ಯಾಚ್ ತಪ್ಪಿದರೆ ಬೇಸರಪಡಬೇಕಿಲ್ಲ, ಇನ್ನಷ್ಟು ಮೇಲಕ್ಕೆ ಹೋದರೆ ಸಿಗಬಹುದು.

ಕ್ಯಾಲೆಂಡರ್‌ಗಿಂತ ಥರ್ಮಾಮೀಟರನ್ನು ನಂಬಿ. ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ (ಅಂದರೆ 10ರಿಂದ 13 ಡಿಗ್ರಿ ಸೆಲ್ಸಿಯಸ್) ಮುಟ್ಟುವ ದಿನಗಳಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯ ನಡುವೆ ಹೆಚ್ಚಾಗಿ ಏಳುತ್ತವೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಹೇಲ್ ಎಡ್ಡಿ ಮತ್ತು ಲಾರ್ಡ್‌ವಿಲ್‌ಗಳಲ್ಲಿ ಇಟ್ಟಿರುವ ಮಾಪಕಗಳು ಹರಿವನ್ನೂ ನೀರಿನ ಉಷ್ಣಾಂಶವನ್ನೂ ಆಗಿಂದಾಗ್ಗೆ ಪ್ರಕಟಿಸುತ್ತವೆ. ಮನೆಯಿಂದ ಹೊರಡುವ ಮುನ್ನವೇ ಅವನ್ನು ನೋಡಿಕೊಳ್ಳಬಹುದು. ಮೋಡ ಕವಿದು ಸಣ್ಣಗೆ ಜಿನುಗುವ ದಿನ ಸಿಕ್ಕರೆ ಅದೃಷ್ಟವೆಂದೇ ತಿಳಿಯಿರಿ. ಅಂಥ ಹವೆಯಲ್ಲಿ ಕೀಟದ ರೆಕ್ಕೆ ಬೇಗ ಆರುವುದಿಲ್ಲ, ಅದು ನೀರಿನ ಮೇಲೆ ಹೆಚ್ಚು ಹೊತ್ತು ತೇಲುತ್ತದೆ, ಮೀನಿಗೂ ನಿಮಗೂ ಸಾವಕಾಶ ಸಿಗುತ್ತದೆ.

ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಗಾಳಿಯಲ್ಲಿ ಹಾರುವುದನ್ನು ಬಿಟ್ಟು, ಮೀನು ಏನನ್ನು ನುಂಗುತ್ತಿದೆಯೋ ಅದರ ಚಿತ್ರ ತೆಗೆಯಿರಿ. ಎರಡೂ ಒಂದೇ ಆಗಿರಬೇಕೆಂದಿಲ್ಲ. ಹೆಂಡ್ರಿಕ್ಸನ್ ಏಳುವ ಮಧ್ಯಾಹ್ನಗಳಲ್ಲೇ ಬ್ಲೂ ಕ್ವಿಲ್ ಎಂಬ ಪುಟ್ಟ ಮೇಫ್ಲೈ ಕೂಡ ಏಳುವುದುಂಟು. ದೊಡ್ಡದು ಕಣ್ಣಿಗೆ ಬೀಳುತ್ತದೆ, ಸಣ್ಣದು ಬೀಳುವುದಿಲ್ಲ. ಆದರೆ ಸಣ್ಣದೇ ಹೆಚ್ಚಾಗಿ ಬರುತ್ತಿದ್ದರೆ ಟ್ರೌಟ್ ಅದನ್ನೇ ಹಿಡಿದು ಕೂತುಬಿಡಬಹುದು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಣ್ಣ ಬಲೆಯೊಂದನ್ನು, ಅರ್ಧ ನೀರಿನೊಳಗೆ ಅರ್ಧ ಮೇಲೆ ಇರುವಂತೆ, ಮೀನು ಬಾಯಿ ಹಾಕುತ್ತಿರುವ ಸಾಲಿನಲ್ಲೇ ಸ್ವಲ್ಪ ಕೆಳಗೆ ಹಿಡಿದು ನಿಂತರೆ, ಅಲ್ಲಿ ತೇಲಿ ಬರುತ್ತಿರುವುದೇನೆಂದು ತಿಳಿಯುತ್ತದೆ.

ಕೀಟವಿದ್ಯಾರ್ಥಿನಿ:

ಮೇಲಿನ ಮಾತಿಗೆ ಕೀಟದ ಕಡೆಯಿಂದ ಕೆಲವು ವಿವರ ಸೇರಿಸುತ್ತೇನೆ. ಹೆಂಡ್ರಿಕ್ಸನ್ ಎಂದು ಮೀನುಗಾರರು ಕರೆಯುವುದು ಎಫೆಮೆರೆಲ್ಲಾ ಸಬ್‌ವೇರಿಯಾ ಎಂಬ ಪ್ರಭೇದವನ್ನು. ಅದರ ನಿಂಫ್ (ರೆಕ್ಕೆ ಬರುವ ಮುನ್ನ ನೀರಿನೊಳಗೆ ಬೆಳೆಯುವ ಮರಿ) ಸುಮಾರು ಒಂದು ವರ್ಷ ಕಲ್ಲುಗಳ ನಡುವೆ ತೆವಳಿಕೊಂಡಿದ್ದು, ಏಳುವ ಕಾಲ ಹತ್ತಿರವಾದಾಗ ಬೆನ್ನಿನ ಮೇಲಿನ ರೆಕ್ಕೆಚೀಲಗಳು ಕಪ್ಪಾಗುತ್ತವೆ. ಬೆಳಿಗ್ಗೆ ಕಲ್ಲೆತ್ತಿ ನೋಡಿದಾಗ ರೆಕ್ಕೆಚೀಲ ಕಪ್ಪಾದ ನಿಂಫ್‌ಗಳು ಹಲವು ಕಂಡರೆ, ಅಂದೋ ಮರುದಿನವೋ ಹ್ಯಾಚ್ ನಿರೀಕ್ಷಿಸಬಹುದು. ಈ ಕಪ್ಪುಚೀಲದ ನಿಂಫಿನ ಚಿತ್ರವನ್ನು ತಪ್ಪದೆ ತೆಗೆಯಿರಿ, ಏಕೆಂದರೆ ಹ್ಯಾಚಿಗೆ ಮುಂಚಿನ ಒಂದೆರಡು ಗಂಟೆ ಟ್ರೌಟ್ ತಿನ್ನುವುದು ಇದನ್ನೇ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ, ಇದ್ದ ಜಾಗದಲ್ಲೇ ಇಡುವುದನ್ನು ಮರೆಯಬೇಡಿ.

ನಿಂಫ್ ಮೇಲ್ಮೈಗೆ ಬಂದು ಚರ್ಮ ಬಿರಿದು ಹೊರಬರುವುದು ಡನ್. ಅದರ ರೆಕ್ಕೆ ಮಂಕಾಗಿ, ಬೂದು ಬಣ್ಣದಲ್ಲಿರುತ್ತದೆ. ಅದು ದಂಡೆಯ ಗಿಡಮರ ಸೇರಿ ಇನ್ನೊಮ್ಮೆ ಪೊರೆ ಕಳಚಿ, ಗಾಜಿನಂತೆ ತಿಳಿಯಾದ ರೆಕ್ಕೆಯ ಸ್ಪಿನ್ನರ್ ಆಗುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟಗಳು ಇಂದು ಜಗತ್ತಿನಲ್ಲಿ ಮೇಫ್ಲೈಗಳು ಮಾತ್ರ. ಡನ್ ಆಗಲಿ ಸ್ಪಿನ್ನರ್ ಆಗಲಿ ಏನನ್ನೂ ತಿನ್ನುವುದಿಲ್ಲ, ಬಾಯಿ ನಿರುಪಯುಕ್ತವಾಗಿರುತ್ತದೆ. ಜೋಡಿಯಾಗಿ, ಹೆಣ್ಣು ಮೊಟ್ಟೆಯಿಟ್ಟ ಬಳಿಕ ರೆಕ್ಕೆಗಳನ್ನು ಎರಡೂ ಬದಿಗೆ ಚಾಚಿ ನೀರಿನ ಮೇಲೆ ಬೀಳುವುದೇ ಸ್ಪಿನ್ನರ್ ಫಾಲ್. ಗಾಳಿ ಇಳಿದ ಸಂಜೆಗಳಲ್ಲಿ ಇದನ್ನು ಕಾಯಬೇಕು. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಹಳದಿ ಮೊಟ್ಟೆಯುಂಡೆ ಕಾಣುತ್ತದೆ.

ಗುರುತಿಸಲು ಮೊದಲು ಬಾಲದ ಎಳೆಗಳನ್ನು ಎಣಿಸಿ. ಹೆಂಡ್ರಿಕ್ಸನ್‌ಗೆ ಮೂರು. ಅದಕ್ಕೂ ಕೊಂಚ ಮುಂಚೆ ಏಳುವ ಕ್ವಿಲ್ ಗಾರ್ಡನ್ ಎಂಬ ಮೇಫ್ಲೈಗೆ ಎರಡೇ. ಕ್ವಿಲ್ ಗಾರ್ಡನ್ ತನ್ನ ನಿಂಫ್ ಚರ್ಮವನ್ನು ನದಿಯ ತಳದಲ್ಲೇ ಕಳಚಿ ರೆಕ್ಕೆಯೊಡನೆ ಮೇಲೇರುತ್ತದೆ, ಹೆಂಡ್ರಿಕ್ಸನ್ ಹಾಗಲ್ಲ; ಫ್ಲೈ ಕಟ್ಟುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಗಂಡಿನ ಕಣ್ಣು ದೊಡ್ಡದು, ಕೆಂಗಂದು, ಹೆಣ್ಣಿನದು ಚಿಕ್ಕದು. ನೀರಿನಿಂದಲೇ ಬರುವ ಬೇರೆ ಕೀಟಗಳೂ ಇವೆ: ರೆಕ್ಕೆಯನ್ನು ಗುಡಾರದಂತೆ ಇಳಿಬಿಟ್ಟದ್ದು ಕ್ಯಾಡಿಸ್, ಬೆನ್ನ ಮೇಲೆ ಚಪ್ಪಟೆಯಾಗಿ ಮಡಿಸಿದ್ದು ಸ್ಟೋನ್‌ಫ್ಲೈ. ಸ್ಟೋನ್‌ಫ್ಲೈ ನೀರಿನ ಮೇಲೆ ಬಿರಿಯದೆ ತೆವಳಿ ದಂಡೆಗೆ ಬರುವುದರಿಂದ ಅದರ ಒಣ ಪೊರೆಗಳು ಬಂಡೆಗಳ ಮೇಲೆಯೇ ಸಿಗುತ್ತವೆ.

ಪ್ರಭೇದದ ಮಟ್ಟದಲ್ಲಿ ಖಚಿತವಾಗಿ ಹೇಳಲು ಸಾಮಾನ್ಯವಾಗಿ ಗಂಡು ಸ್ಪಿನ್ನರ್‌ನ ಹೊಟ್ಟೆಯ ತುದಿಯ ಜನನಾಂಗವನ್ನು ಕೆಳಗಿನಿಂದ ನೋಡಬೇಕಾಗುತ್ತದೆ. ಮೀನು ಹಿಡಿಯಲು ಇಷ್ಟು ಸೂಕ್ಷ್ಮ ಬೇಕಿಲ್ಲ. ಚಿತ್ರಕ್ಕೆ ಹೆಸರು ಬರೆಯುವಾಗ ಮಾತ್ರ ಕುಲದ ಹೆಸರಿಗೇ ನಿಲ್ಲುವ ಸಂಯಮ ಇರಲಿ.

ಮಸೂರ:

ಕ್ಯಾಮೆರಾದ ವಿಷಯ ನನಗೆ ಬಿಡಿ. ಹೆಂಡ್ರಿಕ್ಸನ್ ಮೈಯುದ್ದ ಹೆಚ್ಚೆಂದರೆ 12 ಮಿ.ಮೀ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ನಿಜಗಾತ್ರಕ್ಕೆ, ಅಂದರೆ 1:1ಕ್ಕೆ ತೆಗೆದರೆ ಅದು ಚೌಕಟ್ಟಿನ ಅಗಲದ ಮೂರನೆಯ ಒಂದು ಭಾಗ ತುಂಬುತ್ತದೆ, ಇದು ಸಾಕು. ಆ ದೂರದಲ್ಲಿ ಲೆನ್ಸಿನ ತೆರಪನ್ನು (ಅಪರ್ಚರ್) ಎಫ್/11ಕ್ಕೆ ಕಿರಿದಾಗಿಸಿ ಇಟ್ಟರೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು 1.3 ಮಿ.ಮೀ. ಮಾತ್ರ. ಆದ್ದರಿಂದ ಕೀಟದ ಪಕ್ಕೆ ಸೆನ್ಸರ್‌ಗೆ ಸಮಾನಾಂತರವಾಗಿರುವಂತೆ ಕ್ಯಾಮೆರಾ ಹಿಡಿಯುವುದೇ ಅರ್ಧ ಕೆಲಸ. ಎಫ್/22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫ್ಲ್ಯಾಶ್ ಮುಂದೆ ತೆಳು ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿ ಬೆಳಕನ್ನು ಹರಡಿಸಿ. ನೇರ ಫ್ಲ್ಯಾಶಿಗೆ ಒದ್ದೆ ಮೈ ಹೊಳೆದು ಬಣ್ಣ ಸತ್ತುಹೋಗುತ್ತದೆ.

ಬಿಳಿ ತಟ್ಟೆಯಲ್ಲಿಟ್ಟು ತೆಗೆಯುವವರು ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕನ್ನು ಎರಡರಷ್ಟು, ಏರಿಸಬೇಕು, ಇಲ್ಲವಾದರೆ ಕ್ಯಾಮೆರಾ ಬಿಳಿಯನ್ನು ಬೂದು ಬಣ್ಣವಾಗಿಸಿ ಕೀಟವನ್ನು ಕಪ್ಪಾಗಿಸುತ್ತದೆ. ನನ್ನ ಆಯ್ಕೆ ಬೂದು ಕಾರ್ಡ್. ಬಣ್ಣವೂ ಸರಿಯಾಗಿ ಬರುತ್ತದೆ, ತಿಳಿ ರೆಕ್ಕೆಯ ಅಂಚೂ ಕಾಣುತ್ತದೆ. ಪ್ರತಿ ಸರಣಿಯ ಒಂದು ಚಿತ್ರದಲ್ಲಾದರೂ ಮಿಲಿಮೀಟರ್ ಪಟ್ಟಿ ಇರಲಿ.

ನಿಂಫ್‌ಗಳನ್ನು ಎಂದಿಗೂ ನೀರಿನ ಹೊರಗೆ ತೆಗೆಯಬೇಡಿ. ಹೊರಗಿಟ್ಟರೆ ಕಿವಿರುಗಳು ಮೈಗೆ ಅಂಟಿ, ಕಾಲುಗಳು ಮುದುಡಿ ಅದರ ರೂಪವೇ ಹೋಗುತ್ತದೆ. ಮುಂಭಾಗ ತೆಳುಗಾಜಿನ ಕಿರಿದಾದ ತೊಟ್ಟಿಯಲ್ಲಿ ನದಿಯದೇ ತಣ್ಣೀರು ತುಂಬಿ, ಹಿಡಿದುಕೊಳ್ಳಲು ಒಂದು ಬೆಣಚುಕಲ್ಲು ಕೊಟ್ಟರೆ ಅದು ಸಹಜವಾಗಿ ನಿಲ್ಲುತ್ತದೆ. ನೀರನ್ನು ಆಗಾಗ ಬದಲಿಸಿ; ಬೆಚ್ಚಗಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಅದು ಒದ್ದಾಡತೊಡಗುತ್ತದೆ.

ಹೊಳೆದಂಡೆ:

ಮೂವರಿಗೂ ಧನ್ಯವಾದ. ಎರಡು ಸಂದೇಹಗಳು ಉಳಿದಿವೆ. ಡನ್ ಅನ್ನು ಮನೆಗೆ ತಂದು ಸ್ಪಿನ್ನರ್ ಆಗುವವರೆಗೆ ಇಟ್ಟುಕೊಳ್ಳಬಹುದೇ? ಮತ್ತು ಕೀಟ ಅಲುಗಾಡದಿರಲೆಂದು ಫ್ರಿಜ್ಜಿನಲ್ಲಿಡುವುದು ಸರಿಯೇ?

ಕೀಟವಿದ್ಯಾರ್ಥಿನಿ:

ಖಂಡಿತ ಇಟ್ಟುಕೊಳ್ಳಬಹುದು. ಗಾಳಿಯಾಡುವ ಡಬ್ಬಿಯ ಒಳಗೆ ಹಿಡಿದು ನಿಲ್ಲಲು ಒಂದು ಕಡ್ಡಿ, ಮೂಲೆಯಲ್ಲಿ ತುಸು ತೇವದ ಬಟ್ಟೆ ಇಡಿ. ಬಟ್ಟೆ ರೆಕ್ಕೆಗೆ ತಾಗಬಾರದು, ತಾಗಿದರೆ ಅಂಟಿಕೊಂಡು ಪೊರೆ ಕಳಚಲಾರದೆ ಸಾಯುತ್ತದೆ. ಕಾರಿನೊಳಗೆ ಬಿಸಿಲಿಗೆ ಬಿಡಬೇಡಿ. ಹೆಂಡ್ರಿಕ್ಸನ್ ಸಾಮಾನ್ಯವಾಗಿ ಮರುದಿನದೊಳಗೆ ಸ್ಪಿನ್ನರ್ ಆಗುತ್ತದೆ. ಒಂದೇ ಕೀಟದ ಡನ್ ಚಿತ್ರ, ಸ್ಪಿನ್ನರ್ ಚಿತ್ರ, ಬಿಟ್ಟುಹೋದ ಪೊರೆ, ಈ ಮೂರೂ ಜೊತೆಗಿದ್ದರೆ ಆ ದಾಖಲೆಗೆ ಬೆಲೆ ಹೆಚ್ಚು. ಸ್ವಲ್ಪ ಹೊತ್ತು ತಂಪಿನಲ್ಲಿಟ್ಟರೆ ಕೀಟ ಮಂದವಾಗುತ್ತದೆ, ಹಾನಿಯೇನೂ ಇಲ್ಲ. ಫ್ರೀಜರ್ ಮಾತ್ರ ಬೇಡ.

ಮಡುವಿನ ಮೀನು:

ಮಸೂರ ಅವರ ಮಾತಿಗೆ ಒಂದು ತಕರಾರು. ಬೂದು ಕಾರ್ಡಿನ ಮೇಲೆ ಪಕ್ಕದಿಂದ ತೆಗೆದ ಚಿತ್ರ ಗುರುತಿಸುವುದಕ್ಕೆ ಒಳ್ಳೆಯದು. ಆದರೆ ಟ್ರೌಟ್ ಕೀಟವನ್ನು ಪಕ್ಕದಿಂದ ನೋಡುವುದಿಲ್ಲ, ಕೆಳಗಿನಿಂದ ನೋಡುತ್ತದೆ. ನೀರಿನೊಳಗಿಂದ ಮೇಲೆ ನೋಡಿದರೆ, ಬೆಳಕು ಬಾಗುವ ರೀತಿಯಿಂದಾಗಿ, ಹೊರಜಗತ್ತು ಕಾಣುವುದು ಸುಮಾರು 97 ಡಿಗ್ರಿ ಕೋನದ ಒಂದು ವೃತ್ತದೊಳಗೆ ಮಾತ್ರ. 30 ಸೆಂ.ಮೀ. ಆಳದಲ್ಲಿರುವ ಮೀನಿಗೆ ಆ ವೃತ್ತದ ಅಗಲ ಸುಮಾರು 68 ಸೆಂ.ಮೀ. ಅದರ ಹೊರಗೆ ನೀರಿನ ಮೇಲ್ಮೈ ಕನ್ನಡಿಯಾಗಿ ನದಿಯ ತಳವನ್ನೇ ತೋರಿಸುತ್ತದೆ. ತೇಲಿ ಬರುವ ಡನ್ ಆ ಕನ್ನಡಿಯಲ್ಲಿ ಮೊದಲು ಕಾಣುವುದು ಕಾಲುಗಳು ಒತ್ತಿದ ಕೆಲವು ಬೆಳಕಿನ ಚುಕ್ಕೆಗಳಾಗಿ. ವೃತ್ತದ ಅಂಚಿಗೆ ಬಂದಾಗ ರೆಕ್ಕೆ ಕಾಣುತ್ತದೆ, ಮೈಯ ಬಣ್ಣ ಆಮೇಲಿನ ಮಾತು. ಆದರೆ ಅರ್ಧ ಬಿರಿದು ನೀರಿನ ಪೊರೆಯಲ್ಲಿ ಸಿಕ್ಕಿಕೊಂಡ ಕೀಟ ಮೇಲ್ಮೈಗಿಂತ ಕೆಳಗೆ ತೂಗುವುದರಿಂದ ದೂರದಿಂದಲೇ ಪೂರ್ತಿಯಾಗಿ ಕಾಣುತ್ತದೆ, ಮತ್ತು ಅದು ಹಾರಿಹೋಗುವ ಭಯವೂ ಮೀನಿಗಿಲ್ಲ. ಹ್ಯಾಚ್ ಜೋರಾಗಿದ್ದಾಗಲೂ ಡನ್ ಫ್ಲೈಯನ್ನು ಮೀನು ತಿರಸ್ಕರಿಸುವುದಕ್ಕೆ ಬಹುತೇಕ ಇದೇ ಕಾರಣ ಎಂಬುದು ನನ್ನ ನಂಬಿಕೆ.

ಇದೇ ನದಿಯಲ್ಲಿ ಕೆಲಸ ಮಾಡಿದ ಆಲ್ ಕೌಚಿ ಮತ್ತು ಬಾಬ್ ನಾಸ್ಟಾಸಿ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಕಾಂಪಾರಾಡನ್ ಫ್ಲೈಯನ್ನು ಗಮನಿಸಿ. ಅದಕ್ಕೆ ಕೋಳಿಗರಿಯ ಸುತ್ತೇ ಇಲ್ಲ. ಜಿಂಕೆ ರೋಮದ ಬೀಸಣಿಗೆಯಂಥ ರೆಕ್ಕೆ, ನೀರಿನ ಪೊರೆಗೆ ಅಂಟಿ ಕೂರುವ ಮೈ. ಕೀಟವನ್ನು ಕೆಳಗಿನಿಂದ ನೋಡುವವರಿಗೆ ಆ ವಿನ್ಯಾಸ ಏಕೆ ಹಾಗಿದೆ ಎಂಬುದು ಥಟ್ಟನೆ ತಿಳಿಯುತ್ತದೆ. ಆದ್ದರಿಂದ ಗಾಜಿನ ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕೀಟವನ್ನು ತೇಲಿಬಿಟ್ಟು, ಕೆಳಗಿನಿಂದ ಒಂದು ಚಿತ್ರ ತೆಗೆಯಲೇಬೇಕು.

ಮಸೂರ:

ಒಪ್ಪಿದೆ. ತಟ್ಟೆಯ ಕೆಳಗೆ ಕ್ಯಾಮೆರಾ ತೂರಿಸುವ ಕಷ್ಟಕ್ಕಿಂತ 45 ಡಿಗ್ರಿಗೆ ಒಂದು ಕನ್ನಡಿಯನ್ನು ಓರೆಯಾಗಿ ಇಟ್ಟು ಅದರಲ್ಲಿ ಕಂಡದ್ದನ್ನು ತೆಗೆಯುವುದು ಸುಲಭ. ಆಕಾಶವೇ ಹಿನ್ನೆಲೆಯಾಗುವುದರಿಂದ ಮೈ ಕಪ್ಪು ನೆರಳಾಗಿ ಬರುತ್ತದೆ. ಒಂದು ಚಿತ್ರ ಹಾಗೆಯೇ ಇರಲಿ, ಇನ್ನೊಂದಕ್ಕೆ ಕೆಳಗಿನಿಂದ ಕೊಂಚ ಫ್ಲ್ಯಾಶ್ ಕೊಡಿ. ಬಣ್ಣದ ಬಗ್ಗೆ ಒಂದು ಎಚ್ಚರಿಕೆ: ರಾಯ್ ಸ್ಟೀನ್‌ರಾಡ್ 1916ರ ಸುಮಾರಿಗೆ ಮೊದಲ ಹೆಂಡ್ರಿಕ್ಸನ್ ಫ್ಲೈಯನ್ನು ನರಿಯ ಹೊಟ್ಟೆಯ ತಿಳಿಕಂದು ರೋಮದಿಂದ ಕಟ್ಟಿದಂದಿನಿಂದಲೂ ಅದರ ಮೈ ಎಷ್ಟು ಗುಲಾಬಿ, ಎಷ್ಟು ಕಂದು ಎಂಬ ಜಗಳ ಮುಗಿದಿಲ್ಲ. ಈ ಜಗಳದಲ್ಲಿ ಹೆಚ್ಚಿನದು ಒಣ ದಾರವನ್ನು ಒದ್ದೆ ಕೀಟಕ್ಕೆ ಹೋಲಿಸುವುದರಿಂದ ಹುಟ್ಟಿದ್ದು. ನೀವು ಬಳಸುವ ರೋಮವನ್ನು ಒದ್ದೆ ಮಾಡಿ ಕೀಟದ ಪಕ್ಕದಲ್ಲೇ ಇಟ್ಟು, ಒಂದೇ ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಅದನ್ನೂ ತಡಮಾಡದೆ ತೆಗೆಯಿರಿ, ಏಕೆಂದರೆ ಡನ್ ಗಂಟೆಗಳು ಕಳೆದಂತೆ ಗಾಢವಾಗುತ್ತದೆ.

ಕಾವೇರಿತೀರ (ಕೊಡಗು):

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮಲ್ಲಿ ಟ್ರೌಟ್ ಇಲ್ಲ. ಹತ್ತಿರವೆಂದರೆ ನೀಲಗಿರಿ, ಮುನ್ನಾರ್‌ಗಳಲ್ಲಿ ಬ್ರಿಟಿಷರ ಕಾಲದಲ್ಲಿ ಬಿಟ್ಟ ಟ್ರೌಟ್. ಕಾವೇರಿಯ ಮಹಶೀರ್ ಹಣ್ಣು, ಏಡಿ, ಸಣ್ಣ ಮೀನು, ಕೀಟ ಎಲ್ಲವನ್ನೂ ತಿನ್ನುವುದರಿಂದ ಹ್ಯಾಚಿಗೆ ತಕ್ಕ ಫ್ಲೈ ಎಂಬ ಕಟ್ಟುನಿಟ್ಟು ಇಲ್ಲಿ ಅಷ್ಟಾಗಿ ನಡೆಯದು. ಆದರೂ ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ತೊರೆಯ ಕಲ್ಲುಗಳ ಅಡಿಯಲ್ಲಿ ಮೇಫ್ಲೈ ನಿಂಫ್‌ಗಳೂ ಮರಳಿನ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳೂ ಧಾರಾಳವಾಗಿ ಸಿಗುತ್ತವೆ. ಗಾಳ ಹಾಕದೆ ಬರೀ ಚಿತ್ರ ತೆಗೆಯುವವನಿಗೂ ಈ ಕ್ರಮ ಉಪಯೋಗವಾದೀತೇ?

ಕೀಟವಿದ್ಯಾರ್ಥಿನಿ:

ಉಪಯೋಗವಾಗುವುದಷ್ಟೇ ಅಲ್ಲ, ನಿಮ್ಮ ಕಡೆ ಅದರ ಅಗತ್ಯ ಇನ್ನೂ ಹೆಚ್ಚು. ಡೆಲವೇರ್‌ನಲ್ಲಿ ಯಾವ ವಾರ ಯಾವ ಕೀಟ ಏಳುತ್ತದೆ ಎಂಬುದನ್ನು ಮೀನುಗಾರರು ತಲೆಮಾರುಗಳಿಂದ ಬರೆದಿಟ್ಟಿದ್ದಾರೆ; ಪಶ್ಚಿಮಘಟ್ಟದ ತೊರೆಗಳಿಗೆ ಹಾಗೆ ಎಲ್ಲರ ಕೈಗೆ ಸಿಗುವ ಪಟ್ಟಿ ಇಲ್ಲ. ದಿನಾಂಕ, ಹೊತ್ತು, ನೀರಿನ ಉಷ್ಣಾಂಶ, ಹರಿವಿನ ಬಗೆ, ಜಾಗದ ಎತ್ತರ, ಇಷ್ಟನ್ನು ಪ್ರತಿ ಚಿತ್ರಕ್ಕೂ ಸೇರಿಸಿ ಜೀವಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿದರೆ ತಜ್ಞರ ಕಣ್ಣಿಗೂ ಬೀಳುತ್ತದೆ. ಕಾಡಿನ ಒಳಗಿನ ತೊರೆಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ.

ಇಂಥ ದಾಖಲೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ನಿದರ್ಶನ: ಮಿಸಿಸಿಪ್ಪಿ ನದಿಯ ದೊಡ್ಡ ಹೆಕ್ಸಜೀನಿಯಾ ಮೇಫ್ಲೈಗಳು 2014ರ ಜುಲೈ 20ರ ರಾತ್ರಿ ವಿಸ್ಕಾನ್ಸಿನ್‌ನ ಲಾ ಕ್ರಾಸ್ ಬಳಿ ಎದ್ದಾಗ ಹವಾಮಾನ ಇಲಾಖೆಯ ರಾಡಾರ್ ಮೇಲೆ ಮಳೆಮೋಡದ ಹಾಗೆ ಕಂಡಿದ್ದವು. ಹೀಗೆ ರಾಡಾರ್‌ನಲ್ಲಿ ಕೂಡಿದ ಮಾಹಿತಿಯನ್ನೇ ಬಳಸಿ, ಮಿಸಿಸಿಪ್ಪಿಯ ಮೇಲ್ಭಾಗದಲ್ಲೂ ಈರಿ ಸರೋವರದ ಪಶ್ಚಿಮದಲ್ಲೂ 2012ರಿಂದ ಈಚೆಗೆ ಅವುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಂಡ್ರಿಕ್ಸನ್‌ನಂಥ ಸಣ್ಣ ಹ್ಯಾಚನ್ನು ರಾಡಾರ್ ಕಾಣಲಾರದು, ಅದಕ್ಕೆ ದಂಡೆಯಲ್ಲಿ ನಿಂತವರ ಟಿಪ್ಪಣಿಯೇ ಗತಿ.

ಹೊಳೆದಂಡೆ:

ಹೋಗಿ ಬಂದೆ, ವರದಿ ಒಪ್ಪಿಸುತ್ತಿದ್ದೇನೆ. ಮೋಡದ ಮಧ್ಯಾಹ್ನ, ನೀರು 52 ಡಿಗ್ರಿ ಫ್ಯಾರನ್‌ಹೀಟ್. ಎರಡು ಗಂಟೆಯ ಹೊತ್ತಿಗೆ ಕಲ್ಲುಹಾಸಿನ ರಭಸದ ಹರಿವಿನಲ್ಲಿ ಡನ್‌ಗಳು ಏಳತೊಡಗಿದವು. ಅದರ ಕೆಳಗಿನ ಮಡುವಿನಲ್ಲಿ ಟ್ರೌಟ್‌ಗಳು ಬಾಯಿ ಹಾಕುತ್ತಿದ್ದವು. ತೇಲುವ ಡನ್‌ಗಳು ಮೀನಿನ ತಲೆಯ ಮೇಲೆಯೇ ಹಾದುಹೋದರೂ ಹಲವನ್ನು ಅವು ಮುಟ್ಟಲಿಲ್ಲ. ಸಣ್ಣ ಬಲೆ ಹಿಡಿದು ನೋಡಿದಾಗ ಅರ್ಧ ಬಿರಿದ ಕೀಟಗಳೇ ಹೆಚ್ಚಾಗಿದ್ದವು, ನಿಂಫ್‌ನ ಕಂದು ಪೊರೆ ಬಾಲಕ್ಕೆ ಅಂಟಿಕೊಂಡಂತೆಯೇ. ಕನ್ನಡಿಯಲ್ಲಿ ತೆಗೆದ ಚಿತ್ರಗಳಲ್ಲಿ ಆ ಪೊರೆ ಹಿಂಬದಿಯ ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗಿ, ಮೈಗಿಂತ ಹೆಚ್ಚು ಎದ್ದು ಕಾಣುತ್ತದೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಅದೇ ಪೊರೆ ಕೊಳೆತ ಎಲೆಚೂರಿನಂತಿದೆ.

ಚಿತ್ರಗಳ ಜೊತೆಗೆ ಒಂದು ಪ್ರಶ್ನೆಯೂ ಇದೆ. ಬಲೆಯಲ್ಲಿ ಇನ್ನೊಂದು ಪುಟ್ಟ ಕೀಟವೂ ಸಿಕ್ಕಿತು: ಮೈ ಕಡುಗಂದು, ರೆಕ್ಕೆ ಬೂದು, ಮಿಲಿಮೀಟರ್ ಪಟ್ಟಿಯಲ್ಲಿ 7 ಮಿ.ಮೀ., ಬಾಲದ ಎಳೆ ಮೂರು. ಬೀಟಿಸ್ ಎಂಬ ಸಣ್ಣ ಮೇಫ್ಲೈ ಇರಬಹುದೇ?

ಕೀಟವಿದ್ಯಾರ್ಥಿನಿ:

ಮೂರು ಎಳೆ ಇರುವುದರಿಂದ ಬೀಟಿಸ್ ಅಲ್ಲ, ಬೀಟಿಸ್‌ನ ರೆಕ್ಕೆ ಬಂದ ಹಂತಗಳಿಗೆ ಎರಡೇ ಎಳೆ. ಗಾತ್ರ, ಬಣ್ಣ, ಕಾಲ ಎಲ್ಲವೂ ಪ್ಯಾರಾಲೆಪ್ಟೋಫ್ಲೀಬಿಯಾದತ್ತ ಬೊಟ್ಟು ಮಾಡುತ್ತವೆ, ಅಂದರೆ ಮಡುವಿನ ಮೀನು ಅವರು ಆರಂಭದಲ್ಲೇ ಹೇಳಿದ ಬ್ಲೂ ಕ್ವಿಲ್. ಖಚಿತಪಡಿಸಲು ಎರಡು ದಾರಿಗಳಿವೆ. ಹಿಂದಿನ ಪುಟ್ಟ ರೆಕ್ಕೆ ಸ್ಪಷ್ಟವಾಗಿ ಕಾಣುವ ಚಿತ್ರವಿದ್ದರೆ ಹಾಕಿ. ಇಲ್ಲವೇ ದಂಡೆಯ ಮಂದ ನೀರಿನ ಎಲೆರಾಶಿಯಲ್ಲಿ ಅದರ ನಿಂಫ್ ಹುಡುಕಿ. ಹೊಟ್ಟೆಯ ಇಕ್ಕೆಲದ ಕಿವಿರುಗಳು ಪ್ರತಿಯೊಂದೂ ಕವಲೊಡೆದು ಎರಡೆರಡು ಎಳೆಗಳಾಗಿರುತ್ತವೆ.

ಮಡುವಿನ ಮೀನು:

ಆ ಮಡುವಿನ ಮೀನುಗಳಲ್ಲಿ ಕೆಲವಾದರೂ ಬ್ಲೂ ಕ್ವಿಲ್ಲನ್ನೇ ತಿನ್ನುತ್ತಿದ್ದಿರಬೇಕು. 18ನೆಯ ಸಂಖ್ಯೆಯ ಸಣ್ಣ ಕೊಕ್ಕೆಯ ಮೇಲೆ ಕಟ್ಟಿದ ಫ್ಲೈ ಕೆಲವನ್ನು ಇಟ್ಟುಕೊಂಡಿರಿ. ಕೆಲವರು ಹಿಡಿದ ಮೀನಿನ ಗಂಟಲಿಗೆ ಪಂಪ್ ಹಾಕಿ ತಿಂದದ್ದನ್ನು ಹೊರತೆಗೆದು ನೋಡುತ್ತಾರೆ, ಅದು ನನಗೆ ಸರಿಯೆನಿಸುವುದಿಲ್ಲ. ಸಣ್ಣ ಬಲೆ ಹೇಳುವುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ, ಮೀನಿಗೆ ಗಾಯವಾಗುವ ಅಪಾಯ ಬೇರೆ. ಇನ್ನೊಂದು ಮಾತು. ಆ ನದಿಯಲ್ಲಿ ಬಳಸಿದ ವೇಡರ್ (ನೀರಿಗಿಳಿಯಲು ತೊಡುವ, ನೀರು ಒಳಬಿಡದ ಉಡುಪು), ಬೂಟು, ಬಲೆ, ಚಿತ್ರದ ತೊಟ್ಟಿ ಎಲ್ಲವನ್ನೂ ತೊಳೆದು, ಪೂರ್ತಿ ಒಣಗಿಸಿದ ಬಳಿಕವೇ ಬೇರೆ ಹೊಳೆಗೆ ಇಳಿಸಿ. ಕಲ್ಲಿನ ಮೇಲೆ ಕಂಬಳಿಯಂತೆ ಹಬ್ಬುವ ಡಿಡಿಮೊ ಪಾಚಿ ಒಂದು ಹನಿ ನೀರಿನಲ್ಲೂ ದಾಟಿ ಹೋಗಬಲ್ಲದು. ಮೇ ಕೊನೆಗೆ ಸಲ್ಫರ್ ಎಂಬ ಮೇಫ್ಲೈಗಳು ಶುರುವಾಗುತ್ತವೆ, ಅವು ಏಳುವುದು ಹೆಚ್ಚಾಗಿ ಸಂಜೆ. ಮಸೂರ ಅವರು ಕಡಿಮೆ ಬೆಳಕಿನಲ್ಲಿ ಕನ್ನಡಿಯ ಚಿತ್ರ ತೆಗೆಯುವ ಬಗೆಯನ್ನು ಅಷ್ಟರೊಳಗೆ ಇಲ್ಲಿ ಬರೆದರೆ ನಮಗೆಲ್ಲ ಅನುಕೂಲ.